ಪಾಳುಬಿದ್ದ ಫೈಬರ್ ದೋಣಿಯನ್ನು ತಟ್ಟಿ, ಕೊರೆದು, ತೂಗಿ ನೋಡುವ ಬಗೆ

ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದ ಫೈಬರ್‌ಗ್ಲಾಸ್ ದೋಣಿಯಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಮಾಸಿದ ಬಣ್ಣ, ಕೈಗೆ ಸುಣ್ಣದಂತೆ ಹತ್ತುವ ಪುಡಿ, ಪಾಚಿ, ಹರಿದ ಸೀಟು. ಇವು ಯಾವುವೂ ದೋಣಿಯ ಆಯುಷ್ಯವನ್ನು ಹೇಳುವುದಿಲ್ಲ. ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಸೇರಿದ ಪದರ ಕೊಳೆಯುವ ವಸ್ತುವಲ್ಲ. 1960ರ ದಶಕದಲ್ಲಿ ಅಚ್ಚಿನಿಂದ ಹೊರತೆಗೆದ ಒಡಲುಗಳು ಇವತ್ತಿಗೂ ನೀರಿನಲ್ಲಿವೆ. ಕೊಳೆಯುವುದು ಆ ಪದರಗಳೊಳಗೆ ಹುದುಗಿಸಿಟ್ಟ ಪ್ಲೈವುಡ್, ಬಲ್ಸಾ ಮರ ಮತ್ತು ತೊಲೆಗಳು. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ಈ ದೋಣಿಗಳಿಗೆ ಸರಿಯಾಗಿ ಒಪ್ಪುತ್ತದೆ. ಆದರೆ ಇದರ ತಿರುವುಮುರುವೂ ಅಷ್ಟೇ ನಿಜ: ಹೊರಗೆ ದರಿದ್ರವಾಗಿ ಕಾಣುವ ಎಷ್ಟೋ ದೋಣಿಗಳು ಒಳಗೆ ಗಟ್ಟಿಯಾಗಿರುತ್ತವೆ.

ಹಾಗಾಗಿ ಇಡೀ ಪರೀಕ್ಷೆ ಒಂದೇ ಪ್ರಶ್ನೆಯನ್ನು ಬೆನ್ನಟ್ಟುತ್ತದೆ. ನೀರು ಎಲ್ಲಿಂದ ಒಳಗಿಳಿಯಿತು, ಎಲ್ಲಿ ನಿಂತಿತು, ಎಷ್ಟು ಕಾಲ ನಿಂತಿತು?

ಕೈಯಲ್ಲಿ ಇರಬೇಕಾದದ್ದು

ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆ, 2 ಮೀಟರಿನ ನೇರ ಪಟ್ಟಿ, ಒಳ್ಳೆಯ ಟಾರ್ಚು, ಚೂಪಾದ ದಬ್ಬಳ, 5 ಮಿ.ಮೀ. ಬಿಟ್ ಇರುವ ಡ್ರಿಲ್, ಗುರುತು ಹಾಕಲು ಮಾಸ್ಕಿಂಗ್ ಟೇಪು, ಪಿಎಚ್ ಕಾಗದ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕೊರೆದ ತೂತುಗಳನ್ನು ಮುಚ್ಚಲು ಸ್ವಲ್ಪ ಎಪಾಕ್ಸಿ ಅಂಟು. ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಸಿಕ್ಕರೆ ಸಂದುಗೊಂದುಗಳಿಗೆ ಅನುಕೂಲ. ತೇವಾಂಶ ಮಾಪಕ ಬೇಕಾದರೆ ಮೇಲ್ಮೈಗೆ ಒತ್ತಿ ನೋಡುವ ಕೆಪಾಸಿಟೆನ್ಸ್ ಬಗೆಯದನ್ನು ತನ್ನಿ. ಮುಳ್ಳು ಚುಚ್ಚುವ ಬಗೆಯದು ಮರಕ್ಕೆ ಮಾತ್ರ.

ಕೆಲಸ ಶುರುಮಾಡುವ ಮುನ್ನ ದೋಣಿ ಯಾವುದರ ಮೇಲೆ ಕೂತಿದೆ ನೋಡಿ. ತುಕ್ಕು ತಿಂದ ಟ್ರೈಲರನ್ನು ನಂಬಿ ಅಡಿಗೆ ನುಗ್ಗಬೇಡಿ, ಮರದ ದಿಮ್ಮಿಗಳ ಆಸರೆ ಕೊಟ್ಟ ಮೇಲೆಯೇ ಇಳಿಯಿರಿ. ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಟ್ಟು, ಪೆಟ್ರೋಲಿನ ವಾಸನೆ ಹೋದ ಮೇಲೆಯೇ ಬ್ಯಾಟರಿ ಅಥವಾ ಸ್ವಿಚ್ಚು ಮುಟ್ಟಿ. ಕಣಜದ ಗೂಡು, ಹಾವು, ಇಲಿ ಮೂರಕ್ಕೂ ಇಂಥ ದೋಣಿ ಇಷ್ಟದ ಮನೆ. ಕೊರೆಯುವಾಗ ಮತ್ತು ಉಜ್ಜುವಾಗ ಎಫ್‌ಎಫ್‌ಪಿ3 ಅಥವಾ ಪಿ100 ಮಾಸ್ಕ್ ಬೇಕೇ ಬೇಕು. ತಳದ ಹಳೆಯ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಲೇಬಾರದು. ಪಾಚಿ ಮತ್ತು ಚಿಪ್ಪುಜೀವಿ ಅಂಟದಂತೆ ಬಳಿಯುತ್ತಿದ್ದ ಆ ಬಣ್ಣಗಳಲ್ಲಿ ಟ್ರೈಬ್ಯೂಟೈಲ್ ಟಿನ್ ಎಂಬ ವಿಷ ಇರುತ್ತಿತ್ತು. ಅದನ್ನು ನಿಷೇಧಿಸಿದ ಅಂತಾರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಒದ್ದೆ ಮಾಡಿ, ಕೆರೆದು, ಪುಡಿಯನ್ನು ಹಾಳೆಯ ಮೇಲೆ ಹಿಡಿಯಿರಿ.

ತೊಳೆಯುವ ಮೊದಲು ನೋಡಿ

ಕೊಳಕು ದೋಣಿ ಕಂಡ ಕೂಡಲೇ ಪ್ರೆಶರ್ ವಾಷರ್ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಆ ಕೊಳೆಯೇ ಸಾಕ್ಷಿ. ಒಳಗೋಡೆಯಲ್ಲಿ ಅಡ್ಡಕ್ಕೆ ಎಳೆದಂತೆ ಕಂದು ಗೆರೆ ಇದ್ದರೆ, ಅಷ್ಟು ಎತ್ತರಕ್ಕೆ ನೀರು ನಿಂತಿತ್ತು ಎಂದರ್ಥ. ಗೆರೆ ತೊಲೆಗಳ ಮೇಲಂಚಿಗಿಂತ ಮೇಲಿದ್ದರೆ ನೆಲಹಾಸಿನ ಪ್ರತಿಯೊಂದು ಸ್ಕ್ರೂ ತೂತಿನಿಂದ ನೀರು ಮರಕ್ಕೆ ಇಳಿದಿದೆ. ಎಂಜಿನ್ನಿನ ಸ್ಟಾರ್ಟರ್ ಮಟ್ಟಕ್ಕಿಂತ ಮೇಲಿದ್ದರೆ ಎಂಜಿನ್ನನ್ನು ಲೆಕ್ಕದಿಂದಲೇ ಬಿಡಿ. ಎಲ್ಲವನ್ನೂ ಫೋಟೋ ತೆಗೆದಿಡಿ.

ಆಮೇಲೆ ಹಿಂಬದಿಯ ಡ್ರೈನ್ ಪ್ಲಗ್, ಅಂದರೆ ನೀರು ಹೊರಬಿಡುವ ತೂತಿನ ಬಿರಡೆ, ನೋಡಿ. ಪ್ಲಗ್ ತೆಗೆದು, ಮೂತಿ ಎತ್ತರಿಸಿ ನಿಲ್ಲಿಸಿದ್ದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಪ್ಲಗ್ ಹಾಕಿದ್ದರೆ, ಅಥವಾ ಎಲೆ ಕಸ ತುಂಬಿ ತೂತು ಕಟ್ಟಿಕೊಂಡಿದ್ದರೆ, ಲೆಕ್ಕ ಹಾಕಿ. 3 ಮೀಟರ್ ಉದ್ದ, 1.5 ಮೀಟರ್ ಅಗಲದ ಜಾಗದಲ್ಲಿ 20 ಸೆಂ.ಮೀ. ನೀರು ನಿಂತರೆ 900 ಲೀಟರ್, ಅಂದರೆ 900 ಕೆ.ಜಿ. ಆ ಭಾರವನ್ನು ತಳ ಟ್ರೈಲರಿನ ಕೆಲವೇ ಆಸರೆಗಳ ಮೇಲೆ ತಿಂಗಳುಗಟ್ಟಲೆ ಹೊತ್ತಿದೆ. ಇನ್ನೊಂದು ಮಾತು, ಮರ ಕೊಳೆಯಿಸುವುದರಲ್ಲಿ ಸಮುದ್ರದ ನೀರಿಗಿಂತ ಮಳೆನೀರು ಕೆಟ್ಟದ್ದು. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ, ಮಳೆನೀರು ಬೆಳೆಸುತ್ತದೆ. ಹಿಮ ಬೀಳುವ ಕಡೆ ನಿಂತಿದ್ದ ದೋಣಿಯಾದರೆ ಪದರಗಳ ನಡುವೆ ಸಿಕ್ಕಿಕೊಂಡ ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗಿ ಪದರಗಳನ್ನು ಸೀಳಿರುತ್ತದೆ.

ಗುರುತಿನ ಸಂಖ್ಯೆ ಮತ್ತು ಆಕಾರ

ಹಿಂಗೋಡೆಯ ಹೊರಮೈಯಲ್ಲಿ, ಬಲಬದಿಯ ಮೇಲ್ಮೂಲೆಯಲ್ಲಿ ಒಡಲಿನ ಗುರುತಿನ ಸಂಖ್ಯೆ ಕೆತ್ತಿರುತ್ತದೆ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಕಡ್ಡಾಯವಾದದ್ದು 12 ಅಕ್ಷರಗಳದ್ದು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಪದ್ಧತಿಯಲ್ಲಿ ಮೊದಲಿಗೆ ದೇಶದ ಎರಡು ಅಕ್ಷರ ಸೇರಿ 14. ಇಂದಿನ ನಮೂನೆಯಲ್ಲಿ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಅದನ್ನು ಉಜ್ಜಿ ಅಳಿಸಿದ್ದರೆ ಅಥವಾ ಕಾಗದಪತ್ರದ ಸಂಖ್ಯೆಗೆ ತಾಳೆಯಾಗದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಕಿಲ್ಲ.

ಹಿಂದೆ ಹತ್ತು ಹೆಜ್ಜೆ ನಿಂತು, ಬಗ್ಗಿ, ತಳದ ಗೆರೆಗಳನ್ನು ಒಂದು ಕಣ್ಣು ಮುಚ್ಚಿ ನೋಡಿ. ಎಡಬಲ ಒಂದೇ ಸಮ ಇರಬೇಕು. ವೇಗದ ಮೋಟಾರು ದೋಣಿಯಾದರೆ 2 ಮೀಟರಿನ ಪಟ್ಟಿಯನ್ನು ತಳದ ಹಿಂಭಾಗಕ್ಕೆ ಉದ್ದುದ್ದ ಹಿಡಿಯಿರಿ. ನಡುವೆ ಸಂದು ಬಿಟ್ಟರೆ ತಳ ಒಳಕ್ಕೆ ಬಾಗಿದೆ, ಅಂಥ ದೋಣಿ ಓಡುವಾಗ ಮೂತಿ ಊರುತ್ತದೆ. ನಡುವೆ ತಾಗಿ ತುದಿಗಳಲ್ಲಿ ಸಂದು ಬಿಟ್ಟರೆ ಹೊರಕ್ಕೆ ಉಬ್ಬಿದೆ, ಅದು ಕಪ್ಪೆಯಂತೆ ಕುಪ್ಪಳಿಸುತ್ತದೆ. ಕೆಲವು ವಿನ್ಯಾಸಗಳಲ್ಲಿ ಅಲ್ಪ ಬಾಗು ಬೇಕೆಂದೇ ಇಟ್ಟಿರುತ್ತಾರೆ, ಆದ್ದರಿಂದ ಎಡಬಲ ಹೋಲಿಸಿ. ಒಂದೇ ಬದಿಯಲ್ಲಿದ್ದರೆ ಅದು ವಿನ್ಯಾಸವಲ್ಲ, ಟ್ರೈಲರು ಮಾಡಿದ ಗಾಯ. ಅಂಥ ಗುಳಿಯ ನೇರ ಮೇಲೆ ಒಳಗಿರುವ ತೊಲೆಯನ್ನು ಅನುಮಾನದ ಪಟ್ಟಿಗೆ ಸೇರಿಸಿ.

ಬಿರುಕು ಓದುವುದು

ಹೊರಗಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದು ಪುಡಿಯಾಗುವುದು ಬಿಸಿಲಿನ ಕೆಲಸ. ಅಂಗೈಯಗಲದ ಜಾಗವನ್ನು ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದಾಗ ಹೊಳಪು ಬಂದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಬಿರುಕಿನ ಆಕಾರ ಅದರ ಕಾರಣವನ್ನು ಹೇಳುತ್ತದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಚಾಚಿದ್ದು ಪೆಟ್ಟಿನ ಗುರುತು. ಅದರ ಹಿಂದೆ ಒಳಮೈಯಲ್ಲಿ ಪದರ ಬೆಳ್ಳಗಾಗಿದ್ದರೆ ರೆಸಿನ್ ಒಡೆದಿದೆ. ಒಂದು ಮೂಲೆಗುಂಟ ಅಥವಾ ತೊಲೆಗುಂಟ ಸಮಾನಾಂತರವಾಗಿ ಓಡುವ ಗೆರೆಗಳು ಬಾಗಿ ಬಾಗಿ ಆದವು. ಅಲ್ಲಿ ಬಿಗುವು ಕೊಡಬೇಕಾದದ್ದು ಬಿಗುವು ಕಳೆದುಕೊಂಡಿದೆ, ಈ ಬಗೆಯನ್ನೇ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ಡೆಕ್ಕಿನ ತುಂಬ ಒಣಗಿದ ಕೆರೆಯ ಮಣ್ಣಿನಂತೆ ಬಲೆಬಲೆಯಾಗಿದ್ದರೆ ಅದು ಜೆಲ್‌ಕೋಟ್ ದಪ್ಪ ಬಳಿದದ್ದರ ಅಥವಾ ವಯಸ್ಸಿನ ಫಲ, ನೋಟಕ್ಕೆ ಮಾತ್ರ ಕೆಟ್ಟದ್ದು. ಗೊಂದಲವಾದರೆ ಬಿರುಕನ್ನು ಚೂಪು ಕೆರಕದಿಂದ ವಿ ಆಕಾರದಲ್ಲಿ ಸ್ವಲ್ಪ ಕೆರೆಯಿರಿ. ಬಣ್ಣದ ಪದರ ಮುಗಿಯುವಲ್ಲಿ ಬಿರುಕೂ ಮುಗಿದರೆ ಸಮಾಧಾನ. ನಾರಿನೊಳಕ್ಕೂ ಇಳಿದಿದ್ದರೆ ಬರೆದಿಟ್ಟುಕೊಳ್ಳಿ.

ತಟ್ಟಿ ಕೇಳುವುದು

ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟುವಂತೆಯೇ ಇದೂ. ಮೊದಲು ಖಚಿತವಾಗಿ ಗಟ್ಟಿ ಇರುವ ಕಡೆ ತಟ್ಟಿ ಆ ದನಿಯನ್ನು ಕಿವಿಗೆ ಹಾಕಿಕೊಳ್ಳಿ. ಆಮೇಲೆ ತಳ, ಡೆಕ್, ಹಿಂಗೋಡೆ ಎಲ್ಲ ಕಡೆ 10 ಸೆಂ.ಮೀ.ಗೆ ಒಂದರಂತೆ, ಒಂದೇ ಬಲದಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಪದರ 'ಠಕ್' ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಒದ್ದೆ ಅಥವಾ ಕೊಳೆತ ತಿರುಳು, ಅಂದರೆ ಪದರಗಳ ನಡುವಿನ ಮರ, 'ದಪ್' ಎನ್ನುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ. ಪದರ ಬಿಟ್ಟುಕೊಂಡಿದ್ದರೆ ಬೋಕಿಯ ಸದ್ದು. ಅಡ್ಡಗೋಡೆ, ಟ್ಯಾಂಕು, ತೊಲೆ ಇರುವಲ್ಲೂ ದನಿ ಬದಲಾಗುತ್ತದೆ, ಟೇಪು ಅಂಟಿಸುವ ಮೊದಲು ಒಳಗೆ ಏನಿದೆ ನೋಡಿ. ಟೇಪಿನ ಗುರುತುಗಳು ಕೊನೆಗೆ ಒಂದು ನಕ್ಷೆಯಾಗುತ್ತವೆ. ಅದು ಹೆಚ್ಚಾಗಿ ಯಾವುದಾದರೂ ಸ್ಕ್ರೂ, ಕಂಬಿಯ ಬುಡ ಅಥವಾ ಮುಚ್ಚಳದ ಚೌಕಟ್ಟಿನಿಂದ ಶುರುವಾಗಿ ಇಳಿಜಾರಿನ ಕಡೆಗೆ ಹರಡಿರುತ್ತದೆ. ನೀರು ಒಳಗಿಳಿದದ್ದು ಅಲ್ಲಿಂದ.

ತೇವಾಂಶ ಮಾಪಕವನ್ನು ಕುರುಡಾಗಿ ನಂಬಬೇಡಿ. ಅದರ ಶೇಕಡಾ ಅಂಕಿ ಮರಕ್ಕೆ ಹೊಂದಿಸಿದ್ದು, ಫೈಬರಿಗಲ್ಲ. ತಾಮ್ರ ಬೆರೆತ ತಳದ ಬಣ್ಣ, ಉಪ್ಪು, ಹಿಂದಿರುವ ಲೋಹ, ಒಳಗೆ ನಿಂತ ನೀರು ಎಲ್ಲವೂ ಅದನ್ನು ಮೋಸಗೊಳಿಸುತ್ತವೆ. ಬಣ್ಣವನ್ನು 5 ಸೆಂ.ಮೀ. ಚೌಕವಾಗಿ ಕೆರೆದು, ನೀರ್ಮಟ್ಟದ ಮೇಲಿನ ಓದಿಗೂ ಕೆಳಗಿನ ಓದಿಗೂ ಇರುವ ವ್ಯತ್ಯಾಸವನ್ನು ಮಾತ್ರ ಗಮನಿಸಿ. ಸುತ್ತಿಗೆ ಮತ್ತು ಮಾಪಕ ಎರಡನ್ನೂ ಕೂಡಿಸಿ ಓದಿದಾಗಲೇ ಅರ್ಥ ಬರುವುದು. ಅಂಕಿ ಹೆಚ್ಚು, ದನಿ ಗಟ್ಟಿ: ಹೊರಪದರದ ತೇವ ಇರಬಹುದು. ಅಂಕಿ ಹೆಚ್ಚು, ದನಿ ಮಂಕು: ತಿರುಳು ಹೋಗಿದೆ. ಅಂಕಿ ಕಡಿಮೆ, ದನಿ ಮಂಕು: ಕೊಳೆತು ಆಮೇಲೆ ಒಣಗಿದೆ, ಅಥವಾ ಪದರ ಬಿಟ್ಟಿದೆ. ಈ ಮೂರನೆಯದೇ ಬಹಳ ಜನರನ್ನು ಮೋಸಗೊಳಿಸುವುದು.

ಮಾಪಕ ಇಲ್ಲದಿದ್ದರೆ, ಕೆರೆದು ಒರೆಸಿದ ಜಾಗಕ್ಕೆ 30 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ಒಡಲಿನಿಂದ ನೀರು ಹೊರಬರುತ್ತಿದೆ.

ಗುಳ್ಳೆಗಳು

ಜೆಲ್‌ಕೋಟ್ ದಾಟಿ ನುಸುಳಿದ ನೀರು ಒಳಗಿನ ರೆಸಿನ್ನಿನ ಸರಿಯಾಗಿ ಬೆಸೆಯದ ಅಂಶಗಳನ್ನು ಕರಗಿಸಿ ಆಮ್ಲದ್ರವವಾಗುತ್ತದೆ, ಆ ದ್ರವ ಇನ್ನಷ್ಟು ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಇದೇ ಆಸ್ಮೋಸಿಸ್. ಒಂದು ಗುಳ್ಳೆಯನ್ನು ದಬ್ಬಳದಿಂದ ಚುಚ್ಚಿ. ಕನ್ನಡಕ ಹಾಕಿಯೇ ಚುಚ್ಚಬೇಕು, ಒತ್ತಡದಿಂದ ಚಿಮ್ಮುತ್ತದೆ. ದ್ರವಕ್ಕೆ ವಿನೆಗರ್ ವಾಸನೆ, ಬೆರಳ ನಡುವೆ ಜಿಡ್ಡು, ಪಿಎಚ್ ಕಾಗದದಲ್ಲಿ ಆಮ್ಲ ತೋರಿಸಿದರೆ ನಿಜವಾದ ಆಸ್ಮೋಸಿಸ್. ಬರೀ ನೀರಾದರೆ ಬಣ್ಣದ ಪದರಗಳ ನಡುವಿನ ಗುಳ್ಳೆ.

ವರ್ಷಗಟ್ಟಲೆ ನೆಲದ ಮೇಲಿದ್ದ ದೋಣಿಯಲ್ಲಿ ಗುಳ್ಳೆಗಳು ಒಣಗಿ ಚಪ್ಪಟೆಯಾಗಿರುತ್ತವೆ. ಕಾಣುತ್ತಿಲ್ಲ ಎಂದರೆ ಇಲ್ಲ ಎಂದಲ್ಲ. ಟಾರ್ಚನ್ನು ತಳಕ್ಕೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಸಣ್ಣ ಉಬ್ಬುಗಳ ನೆರಳು ಬೀಳುತ್ತದೆ. ಒಟ್ಟಿನಲ್ಲಿ ಗುಳ್ಳೆಗೆ ಜನ ಅತಿಯಾಗಿ ಹೆದರುತ್ತಾರೆ. ನಾಣ್ಯದಗಲದ ಹತ್ತಾರು ಗುಳ್ಳೆಗಳನ್ನು ಒಂದೊಂದಾಗಿ ತೆರೆದು, ತೊಳೆದು, ಒಣಗಿಸಿ ಎಪಾಕ್ಸಿ ತುಂಬಬಹುದು. ತೆರೆದಾಗ ಒಳಗೆ ರೆಸಿನ್ ಇಲ್ಲದ ಬಿಳಿ ನಾರು ಕಂಡರೆ, ಆಳ ಪದರಗಳಲ್ಲೂ ಹೀಗಿದ್ದರೆ, ಆಗ ಮಾತು ಬೇರೆ.

ಹಿಂಗೋಡೆ: ಹೆದರಬೇಕಾದದ್ದು ಇದಕ್ಕೆ

ಔಟ್‌ಬೋರ್ಡ್ ಮೋಟಾರು ತೂಗುವ ಹಿಂಗೋಡೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಅದು ಎರಡು ಫೈಬರ್ ಪದರಗಳ ನಡುವಿನ ದಪ್ಪ ಪ್ಲೈವುಡ್, ಒಟ್ಟು ದಪ್ಪ ಹೆಚ್ಚಾಗಿ 40 ರಿಂದ 50 ಮಿ.ಮೀ. ಡ್ರೈನ್ ತೂತಿನ ಹಸಿ ಅಂಚು, ಮೋಟಾರಿನ ಬೋಲ್ಟುಗಳು, ಸೀಲೆಂಟ್ ಇಲ್ಲದೆ ಹಾಕಿದ ಚಿಕ್ಕ ಸ್ಕ್ರೂಗಳು, ಮೇಲಂಚಿನ ಸಡಿಲ ಪಟ್ಟಿ, ಇವು ನಾಲ್ಕೂ ನೀರಿನ ಬಾಗಿಲುಗಳು. ಇಳಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ.

1. ಮೋಟಾರಿನ ಬೋಲ್ಟುಗಳ ವಾಷರ್ ನೋಡಿ. ಫೈಬರಿನೊಳಕ್ಕೆ ಕುಸಿದಿದ್ದರೆ ಹಿಂದಿನ ಮರ ಮೆತ್ತಗಾಗಿದೆ.

2. ಬೋಲ್ಟುಗಳು ಗಟ್ಟಿ ಇವೆಯೆಂದು ಖಚಿತವಾದ ಮೇಲೆ ಮೋಟಾರನ್ನು ಅರ್ಧ ಎತ್ತಿ, ಅದರ ಕಾಲನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ಬಿಡಿ. ಇನ್ನೊಬ್ಬರು ಹಿಂಗೋಡೆಯ ಮೇಲಂಚನ್ನೂ ಒಳಮೂಲೆಗಳನ್ನೂ ನೋಡುತ್ತಿರಲಿ. ಕಣ್ಣಿಗೆ ಕಾಣುವಷ್ಟು ಅಲುಗಾಡಿದರೆ, ಮೂಲೆಯ ಬಿರುಕು ಬಾಯಿ ಬಿಟ್ಟು ಮುಚ್ಚಿದರೆ, ತೀರ್ಪು ಬಂದಂತೆಯೇ.

3. ತೀರಾ ಕೆಳಗಿನ ಒಂದು ಸ್ಕ್ರೂ ಬಿಚ್ಚಿ. ಕಂದು ನೀರು ಒಸರಿದರೆ ಕೊರೆಯುವ ಅಗತ್ಯವೂ ಇಲ್ಲ.

4. ಇಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪಡೆದು ಒಳಗಿನಿಂದ ಕೊರೆಯಿರಿ. ಎರಡು ಕೆಳಮೂಲೆ, ಡ್ರೈನ್ ತೂತಿನ ಪಕ್ಕ, ಬೋಲ್ಟುಗಳ ಕೆಳಗೆ ಎರಡು, ಹೋಲಿಕೆಗೆ ಮೇಲ್ಗಡೆ ಒಂದು. ಹೊರಪದರ ತೂತಾಗದಂತೆ ಬಿಟ್ಟಿಗೆ 30 ಮಿ.ಮೀ. ಆಳದಲ್ಲಿ ಟೇಪು ಸುತ್ತಿ. ಗೋಡೆ ಅದಕ್ಕಿಂತ ತೆಳುವಾಗಿದ್ದರೆ ಟೇಪನ್ನೂ ಹಿಂದಕ್ಕೆ ಸರಿಸಿ.

5. ಬಂದ ಹೊಟ್ಟನ್ನು ಬಿಳಿ ಕಾಗದದ ಮೇಲೆ ಜಾಗದ ಹೆಸರು ಬರೆದು ಸಾಲಾಗಿಡಿ. ತಿಳಿಬಣ್ಣ, ಗರಿಗರಿ, ಮರದ ವಾಸನೆ ಇದ್ದರೆ ಒಳ್ಳೆಯದು. ಕಪ್ಪು ಕಂದು, ಹುಳಿ ವಾಸನೆ, ಹಿಂಡಿದರೆ ನೀರು ಬಂದರೆ ಕೊಳೆತಿದೆ. ಬಿಟ್ ಇದ್ದಕ್ಕಿದ್ದಂತೆ ಬೆಣ್ಣೆಯೊಳಗೆ ಹೋದಂತೆ ಜಾರಿದರೆ ಅಲ್ಲಿ ಮರವೇ ಉಳಿದಿಲ್ಲ.

ಒದ್ದೆ ಆದರೆ ಗಟ್ಟಿ ಎಂಬ ನಡುವಿನ ಸ್ಥಿತಿ ಕಂಡರೆ ಒಣಗಿಸಿ ಬಳಸಬಹುದೆಂದು ಆಸೆಪಡುವುದು ಸಹಜ. ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಚಿಕ್ಕ ತೂತುಗಳಿಂದ ಒಣಗುವುದು ತೀರಾ ನಿಧಾನ, ಅಷ್ಟರೊಳಗೆ ಅದು ಕೊಳೆಯಲು ಶುರುವಾಗಿರುತ್ತದೆ. ಅದನ್ನು ಹೋದ ಲೆಕ್ಕಕ್ಕೇ ಬರೆಯಿರಿ.

ನೆಲಹಾಸು, ತೊಲೆ, ಫೋಮ್

ಬರಿಗಾಲಲ್ಲಿ ನಡೆಯಿರಿ. ಹಿಮ್ಮಡಿ ಊರಿ ಭಾರ ಹಾಕಿದಾಗ ಎಲ್ಲಿ ನೆಲ ಕುಗ್ಗುತ್ತದೋ ಅಲ್ಲಿ ಟೇಪು. ಆದರೆ ನೆಲ ಮುಖ್ಯವಲ್ಲ, ಅದರಡಿಯ ಉದ್ದ ತೊಲೆಗಳು ಮುಖ್ಯ. ಇವನ್ನು ಸ್ಟ್ರಿಂಗರ್ ಎನ್ನುತ್ತಾರೆ. ತೊಲೆಗಳ ಬುಡದಲ್ಲಿ ನೀರು ಹರಿಯಲು ಬಿಟ್ಟ ತೂತುಗಳ ಅಂಚಿಗೆ ಕಾರ್ಖಾನೆಯಲ್ಲಿ ರೆಸಿನ್ ಬಳಿಯದೆ ಬಿಟ್ಟದ್ದೇ ಹೆಚ್ಚು. ದಬ್ಬಳವನ್ನು ಅಲ್ಲಿ ಚುಚ್ಚಿ. ಎಂಜಿನ್ ಕೂರಿಸಿದ ಸ್ಕ್ರೂಗಳಿಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ ನೋಡಿ, ಸುಮ್ಮನೆ ತಿರುಗುತ್ತಲೇ ಇದ್ದರೆ ಹಿಡಿಯಲು ಮರವಿಲ್ಲ. ಕೊರೆಯುವುದಾದರೆ ತಳದಿಂದ ಎರಡು ಮೂರು ಸೆಂ.ಮೀ. ಮೇಲೆ ಕೊರೆಯಿರಿ. ಮೇಲ್ಭಾಗ ಒಣಗಿದ್ದು ಬುಡ ಕೊಳೆತಿರುವುದು ಸಾಮಾನ್ಯ. ತೊಲೆ ಒಡಲಿಗೆ ಸೇರುವ ಮೂಲೆಯುದ್ದಕ್ಕೂ ಬಿಳಿ ಗೆರೆ ಕಂಡರೆ ಬೆಸುಗೆ ಬಿಟ್ಟಿದೆ.

ಇಲ್ಲೊಂದು ವಿನಾಯಿತಿ ಇದೆ. ಕೆಲವು ದೋಣಿಗಳಲ್ಲಿ ಒಳಗಿನ ಮರ ಬರೀ ಅಚ್ಚು, ಭಾರ ಹೊರುವುದು ಅದರ ಮೇಲಿನ ದಪ್ಪ ಫೈಬರ್. ಕೊರೆದ ತೂತಿನಲ್ಲಿ ಪದರದ ದಪ್ಪ ಅಳೆದರೆ ತಿಳಿಯುತ್ತದೆ. 2 ಮಿ.ಮೀ. ಪದರವಾದರೆ ಭಾರ ಮರದ ಮೇಲೆಯೇ ಇತ್ತು.

ನೆಲಹಾಸಿನಡಿ ತೇಲಿಕೆಗೆಂದು ತುಂಬಿದ ಪಾಲಿಯುರೆಥೇನ್ ಫೋಮ್ ಹೊಸದಾಗಿದ್ದಾಗ ಘನ ಮೀಟರಿಗೆ ಸುಮಾರು 32 ಕೆ.ಜಿ. ತೂಗುತ್ತದೆ. 0.3 ಘನ ಮೀಟರ್ ಫೋಮ್ ಅಂದರೆ 10 ಕೆ.ಜಿ.ಗೂ ಕಡಿಮೆ. ಅದರ ಅರ್ಧ ನೀರು ಕುಡಿದರೆ 150 ಕೆ.ಜಿ. ಏರುತ್ತದೆ. ಈ ಫೋಮ್ ನೀರು ಕುಡಿಯುವುದಿಲ್ಲ ಎಂಬುದು ಹೊಸದಾಗಿದ್ದಾಗಿನ ಮಾತು. ವರ್ಷಗಟ್ಟಲೆ ನೀರಲ್ಲಿ ನೆನೆದರೆ ಕುಡಿಯುತ್ತದೆ, ಬಿಟ್ಟುಕೊಡುವುದಿಲ್ಲ. ನೆಲದಲ್ಲಿ ಅತಿ ತಗ್ಗಿನ ಜಾಗದಲ್ಲಿ ಹೋಲ್‌ಸಾ, ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ, ಹಾಕಿ ತಳದವರೆಗಿನ ತುಂಡು ತೆಗೆದು ಹಿಂಡಿ. ಕೊರೆಯಲು ಒಪ್ಪಿಗೆ ಸಿಗದಿದ್ದರೆ ವಾಹನಗಳನ್ನು ತೂಗುವ ವೇಬ್ರಿಡ್ಜಿಗೆ ಒಯ್ಯಿರಿ. ಟ್ರೈಲರ್, ಮೋಟಾರು, ಇಂಧನ ಕಳೆದು ಉಳಿದದ್ದನ್ನು ತಯಾರಕರು ಹೇಳಿದ ತೂಕಕ್ಕೆ ಹೋಲಿಸಿ. ಲೆಕ್ಕಕ್ಕೆ ಸಿಗದ 150-200 ಕೆ.ಜಿ. ಹೆಚ್ಚಿದ್ದರೆ ಅದು ನೀರು.

ತಳದ ತೂತುಗಳು, ಹಾಯಿದೋಣಿಯ ಭಾಗಗಳು

ತಳದ ಪ್ರತಿ ಕವಾಟವನ್ನೂ ಉಗುರಿನಗಲ ಕೆರೆದು ನೋಡಿ. ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಕರಗಿಹೋಗಿದೆ, ಉಳಿದದ್ದು ಸ್ಪಂಜಿನಂಥ ತಾಮ್ರ. ಒಂದು ಏಟಿಗೆ ಮುರಿಯುತ್ತದೆ, ನೀರಿನಲ್ಲಿದ್ದಾಗ ಮುರಿದರೆ ದೋಣಿ ಮುಳುಗುತ್ತದೆ. ಡೆಕ್ ಮತ್ತು ಒಡಲು ಸೇರುವ ಸಂದಿಗೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ಒಳಗಿನಿಂದ ನೋಡಿ.

ಹಾಯಿದೋಣಿಯಾದರೆ ಇನ್ನೂ ಮೂರು ಕಡೆ. ಅಡಿಭಾರ, ಅಂದರೆ ಕೀಲ್, ಒಡಲಿಗೆ ಸೇರುವಲ್ಲಿ ಮುಂಭಾಗದಲ್ಲಿ ನಗುವಿನಂತೆ ಬಾಯಿಬಿಟ್ಟ ಬಿರುಕು ಮತ್ತು ತುಕ್ಕಿನ ಸೋರಿಕೆ. ಚುಕ್ಕಾಣಿಯ ಬುಡದಲ್ಲಿ 5 ಮಿ.ಮೀ. ತೂತು ಕೊರೆದಾಗ ತುಕ್ಕುನೀರು ಬಂದರೆ ಒಳಗಿನ ಉಕ್ಕಿನ ಕೈಗಳಿಗೆ ಪೆಟ್ಟು ಬಿದ್ದಿದೆ. ಕೂವೆಯ, ಅಂದರೆ ಹಾಯಿ ಕಟ್ಟುವ ಕಂಬದ, ತಂತಿಗಳನ್ನು ಹಿಡಿದಿಡುವ ಸ್ಟೇನ್‌ಲೆಸ್ ಪಟ್ಟಿಗಳು ಡೆಕ್ಕನ್ನು ತೂರುವ ಜಾಗದಲ್ಲಿ, ಗಾಳಿ ತಾಗದ ಒದ್ದೆ ಸಂದಿನಲ್ಲಿ, ಕಣ್ಣಿಗೆ ಕಾಣದಂತೆ ಸವೆಯುತ್ತವೆ. ಬಿಚ್ಚಿ ನೋಡದೆ ಅವುಗಳ ಬಗ್ಗೆ ಏನೂ ಹೇಳಲಾಗದು.

ಎಂಜಿನ್, ಟ್ಯಾಂಕು, ತಂತಿ

ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಲು ಹೋಗಬೇಡಿ. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು, ಒಂದು ದಿನ ಕಾದು, ಕೈಯಿಂದ ತಿರುಗಿಸಿ. ತಿರುಗಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಯಿರಿ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, 10-15% ದಾಟಬಾರದು. ಔಟ್‌ಬೋರ್ಡಿನ ಗೇರು ಪೆಟ್ಟಿಗೆಯ ಕೆಳ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಹಾಲಿನಂಥ ಎಣ್ಣೆ ಬಂದರೂ ಅದೇ ಅರ್ಥ.

ಫೋಮಿನಲ್ಲಿ ಹುದುಗಿದ ಅಲ್ಯೂಮಿನಿಯಂ ಟ್ಯಾಂಕು ಹೊರಗಿನಿಂದ ಚೆನ್ನಾಗಿ ಕಂಡರೂ ತಳದಲ್ಲಿ ಸೂಜಿತೂತುಗಳಾಗಿರುತ್ತವೆ. ಹಳೆಯ ಪಾಲಿಯೆಸ್ಟರ್ ಫೈಬರ್ ಟ್ಯಾಂಕಾದರೆ ಎಥನಾಲ್ ಬೆರೆತ ಪೆಟ್ರೋಲ್ ಅದರ ರೆಸಿನ್ನನ್ನೇ ಕರಗಿಸುತ್ತದೆ. ತಂತಿಯ ಹೊದಿಕೆಯನ್ನು ಒಂದಿಂಚು ಸುಲಿಯಿರಿ. ತಾಮ್ರ ಕಪ್ಪಾಗಿದ್ದರೆ ಪೂರ್ತಿ ವೈರಿಂಗ್ ಹೊಸದು, ತೇಪೆ ಹಾಕುವ ಮಾತಿಲ್ಲ.

ಲೆಕ್ಕ ಕೂಡಿಸುವುದು

ಕಂಡದ್ದನ್ನೆಲ್ಲ ಮೂರು ಪಟ್ಟಿ ಮಾಡಿ: ರಚನೆ, ಸುರಕ್ಷತೆ, ನೋಟ. ನೋಟದ ಪಟ್ಟಿ ಎಷ್ಟೇ ಉದ್ದವಿದ್ದರೂ ತೀರ್ಮಾನಕ್ಕೆ ಅದನ್ನು ಸೇರಿಸಬೇಡಿ. ಎಂಜಿನ್ನನ್ನು ಬೇರೆ ತೂಗಿ, ಅದು ಬದಲಾಯಿಸಬಹುದಾದ ವಸ್ತು. ಡೆಕ್ಕಿನ ಒಂದೆರಡು ಮೆತ್ತನೆ ಜಾಗ, ಅಥವಾ ಹಿಂಗೋಡೆ ಒಂದೇ ಹೋಗಿದ್ದರೆ ಅದು ಕೆಲಸ, ಸಮಯ ಇರುವವರು ಮಾಡಬಹುದು. ಹಿಂಗೋಡೆ, ತೊಲೆ, ನೆಲ, ಫೋಮ್ ನಾಲ್ಕೂ ಒಟ್ಟಿಗೆ ಹೋಗಿದ್ದರೆ ನಿಮಗೆ ಸಿಗುತ್ತಿರುವುದು ದೋಣಿಯಲ್ಲ, ಹೊರಚಿಪ್ಪು. ಒಡಲು ನೇರವಾಗಿದ್ದು, ದಪ್ಪ ಪದರದ ಒಳ್ಳೆಯ ವಿನ್ಯಾಸವಾದರೆ ಮಾತ್ರ ಅದಕ್ಕೆ ಕೈ ಹಾಕಿ. ಪುಕ್ಕಟೆ ಕೊಡುತ್ತಾರೆಂಬುದು ಕಾರಣವಾಗಬಾರದು. ಬೇಡವೆನಿಸಿದಾಗ ಫೈಬರ್ ಒಡಲನ್ನು ವಿಲೇವಾರಿ ಮಾಡುವ ಖರ್ಚು ಕೊನೆಯಲ್ಲಿ ಅದನ್ನು ಹಿಡಿದುಕೊಂಡವರದ್ದೇ.

ತೀರ್ಮಾನ ಏನೇ ಇರಲಿ, ಅಂದೇ ಮಾಡಬೇಕಾದ ನಾಲ್ಕು ಕೆಲಸ ಇವೆ. ಕೊರೆದ ತೂತುಗಳಿಗೆಲ್ಲ ದಪ್ಪ ಮಾಡಿದ ಎಪಾಕ್ಸಿ ತುಂಬಿ. ಒದ್ದೆ ಸಿಕ್ಕ ತೂತುಗಳನ್ನು ಮಾತ್ರ, ದೋಣಿ ನಿಮ್ಮದೇ ಆಗುವುದಾದರೆ, ಮಳೆ ಬೀಳದಂತೆ ನೋಡಿಕೊಂಡು ಸೋರಲು ತೆರೆದಿಡಿ. ಡ್ರೈನ್ ಪ್ಲಗ್ ತೆಗೆದು ಕೈಗೆ ಸಿಗುವ ಕಡೆ ಕಟ್ಟಿ. ಮೂತಿಯನ್ನು ಎತ್ತರಿಸಿ ನಿಲ್ಲಿಸಿ, ಟಾರ್ಪಾಲನ್ನು ನಡುವೆ ಗೂಟ ಕೊಟ್ಟು ಇಳಿಜಾರಾಗಿ, ಎರಡೂ ತುದಿಯಲ್ಲಿ ಗಾಳಿಗೆ ಜಾಗ ಬಿಟ್ಟು ಹೊದಿಸಿ.